ಕುಂತ ಗಾಡಿ

ಇವತ್ತೂ ಮುಂಜಾನೆ ಗಾಡಿ ಎಡಗಡೆ ಮುಂದಿನ ಕಾಲ ಮಡಚಿ ಕುಂತಿತ್ತು.

ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು ಇದು. ಕೊಂಡಾಗ ಮೀಟರ್ 1,84,000 ಕಿ.ಮೀ. ತೋರಸ್ತಿತ್ತು. ರೇಟು ಹೊಸಾ ಸಣ್ಣ ಕಾರಿಗಿಂತ ಕಮ್ಮಿ. ಬಿಡಿಭಾಗದ ರೇಟ್ ಮಾತ್ರ ಇನ್ನೂ ಸಾಹುಕಾರಂದ!

ಸ್ಪ್ರಿಂಗ್ ಜಾಗದಾಗ ಗಾಳಿ ತುಂಬಿದ ರಬ್ಬರ್ ಚೀಲ ಅದಾವ. ವಯಸ್ಸಾತು, ಬಿರುಕು ಬಿಟ್ಟಾವ, ರಾತ್ರಿಯೆಲ್ಲಾ ಸೋರ್ತಾವ. ಕೀಲಿ ತಿರುವಿದೆ. ಚೀಲಕ್ಕ ಗಾಳಿ ತುಂಬೋ ಕಂಪ್ರೆಸರ್ ಗುರ್ ಅಂತು. ಮೊದಲ ಹಿಂದಿನ ಭಾಗ, ಆಮ್ಯಾಲೆ ಮುಂದಿಂದು... ಥೇಟ್ ಎತ್ತು ಏಳೋ ಹಂಗ.

ಬಾಜೂ ಮನಿ ಅಜ್ಜ ಕಟ್ಟಿ ಮ್ಯಾಲೆ ಕುಂತು ನೋಡ್ತಿದ್ದ.
"ಹೊಟ್ಟಿಗೆ ಏನ್ ಹಾಕ್ತೀಯೋ ಇದಕ್ಕ?"
"ಪಗಾರ, ಅಜ್ಜಾ."

ಆದ್ರ ಹುಬ್ಬಳ್ಳಿ ಬಿಟ್ಟು ಪೇರಲಕ್ಕ ಹೆಸರಾದ ನವಲೂರ ಮುಟ್ಟೋತನಕ ಒಂದ ಕುಲುಕೂ ಗೊತ್ತಾಗಲಿಲ್ಲ ನೋಡ್ರಿ. ಗಾಡಿ ಮಾರಾಕಂತ ಹೊಂಟಾಂವ, ಒಂದು ಬುಟ್ಟಿ ಪೇರಲ ಹಿಂದಿನ ಸೀಟಿನ್ಯಾಗ ಕುಂದರಿಸಿಕೊಂಡು ವಾಪಸ್ ಬಂದೆ.