ಕಸ ಯಾರದು, ಹೊಗೆ ಯಾರಿಗೆ

ಮುಂಬಯಿಯ ಗೋವಂಡಿಯಲ್ಲಿರುವ ಪ್ರೌಢಶಾಲೆಯೊಂದಕ್ಕೆ ಶನಿವಾರಗಳಂದು ಪರಿಸರ ಪಾಠ ಹೇಳಲು ಹೋಗುತ್ತಿದ್ದೆ. ಒಂಬತ್ತನೆಯ ತರಗತಿಯಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಉತ್ತರ ಪ್ರದೇಶದಿಂದ ಬಂದ ಜರಿ ಕೆಲಸಗಾರರ ಮಕ್ಕಳು, ಮರಾಠವಾಡದ ಮತ್ತು ತಮಿಳುನಾಡಿನ ಕುಟುಂಬಗಳ ಮಕ್ಕಳು ಒಟ್ಟಿಗೆ ಕೂರುತ್ತಿದ್ದರು. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ, ಪರಿಸರ ವಕೀಲ ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಹೇಳಿದ್ದು ದೊಡ್ಡ ಸಂಗತಿಯೇ. ಆದರೆ ಗಿಡ ನೆಡಿ, ಕಸ ಕಡಿಮೆ ಮಾಡಿ ಎಂಬ ಉಪದೇಶವನ್ನು ನಗರದ ಕಸ ಬಂದು ಬೀಳುವ ದೇವನಾರ್ ಕಸದ ಗುಡ್ಡದ ಬುಡದಲ್ಲಿ ಬೆಳೆದವರ ಮುಂದೆ ಓದುವುದು ನನಗೆ ಸರಿಕಾಣುತ್ತಿರಲಿಲ್ಲ.

ಆ ದಿನ ಕಸವನ್ನು ವಿಂಗಡಿಸುವ ಪಾಠದ ನಡುವೆ ಕಲಬುರಗಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನಮ್ಮ ಮನ್ಯಾಗಿನ ಕಸ ಒಂದು ಬುಟ್ಟಿನೂ ತುಂಬಂಗಿಲ್ಲರೀ. ಮತ್ತ ಈ ಗುಡ್ಡ ಯಾರದು?" ಎಂದು ಕೇಳಿದಳು. ಪರಿಸರ ಹಾನಿಯ ಹೊರೆ ಯಾರ ಮೇಲೆ ಬೀಳುತ್ತದೆ ಎಂದು ಕೇಳುವ ಪರಿಸರ ನ್ಯಾಯದ ಇಡೀ ವಿಷಯ ಆ ಪ್ರಶ್ನೆಯೊಳಗೇ ಇತ್ತು. ಪುಸ್ತಕ ಮುಚ್ಚಿ, ಅಮೆರಿಕದ ಉತ್ತರ ಕೆರೊಲಿನಾದ ವಾರೆನ್ ಕೌಂಟಿಯ ಕಥೆ ಹೇಳಿದೆ. ಕಪ್ಪು ಜನಾಂಗದ ಬಡವರೇ ಹೆಚ್ಚಾಗಿದ್ದ ಆ ಪ್ರದೇಶದಲ್ಲಿ ವಿಷಮಿಶ್ರಿತ ಮಣ್ಣನ್ನು ಹೂಳಲು 1982ರಲ್ಲಿ ಸರ್ಕಾರ ಹೊರಟಾಗ ಜನ ಲಾರಿಗಳ ಮುಂದೆ ರಸ್ತೆಯಲ್ಲಿ ಮಲಗಿದರು. ಐನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. "ಹೂಳೋದು ನಿಂತಿತಾ?" ಎಂದರು ಮಕ್ಕಳು. ಇಲ್ಲ, ಮಣ್ಣನ್ನು ಅಲ್ಲಿಯೇ ಹೂಳಿದರು ಎಂದೆ. ಅವರ ಮುಖ ಬಾಡಿತು, ಆದರೆ ಸುಳ್ಳು ಗೆಲುವನ್ನು ಹೇಳುವ ಹಕ್ಕು ನನಗಿರಲಿಲ್ಲ.

ಆಮೇಲೆ ಮಾತು ಅವರದೇ ಆಯಿತು. 2016ರ ಜನವರಿಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದು ಹೊಗೆ ದಿನಗಟ್ಟಲೆ ಕವಿದು, ಶಾಲೆಗಳಿಗೆ ರಜೆ ಕೊಟ್ಟಿದ್ದನ್ನು ಮನೆಯವರಿಂದ ಕೇಳಿದ್ದವರು ಹಲವರು. ಅಣ್ಣನ ಕೆಮ್ಮು, ಅಜ್ಜಿಯ ದಮ್ಮು ಎಂದು ಒಬ್ಬೊಬ್ಬರೂ ಹೇಳತೊಡಗಿದರು. 2009ರ ಮುಂಬಯಿ ಮಾನವ ಅಭಿವೃದ್ಧಿ ವರದಿಯಲ್ಲಿ ನಗರದ ವಾರ್ಡುಗಳ ಪೈಕಿ ಕೊನೆಯ ಸ್ಥಾನದಲ್ಲಿದ್ದ ಎಂ ಪೂರ್ವ ವಾರ್ಡ್ ತಮ್ಮದೇ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಇಂಥ ಅನುಭವವೇ ಪಠ್ಯವಾಗಬೇಕೆಂದು ನಾನು ದೃಢವಾಗಿ ನಂಬುತ್ತೇನೆ, ಏಕೆಂದರೆ ನಗರದ ಹೊರೆಯನ್ನು ಹೊತ್ತವರಿಗೆ ಅದನ್ನು ವಿವರಿಸುವ ಅಧಿಕಾರವೂ ಇರಬೇಕು.

ಮಹಾನಗರ ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಬರೆಯೋಣವೆಂದೆ. "ಇಲ್ಲೇ ಯಾಕೆ ಸುರಿಯುತ್ತೀರಿ?" ಎಂದು ಕೇಳಬೇಕೆಂದು ಒಬ್ಬ ಹುಡುಗ ಹಟ ಹಿಡಿದ. 2005ರ ಆ ಕಾಯಿದೆಯಲ್ಲಿ ಕಚೇರಿಯ ಬಳಿ ಇರುವ ದಾಖಲೆಯನ್ನು ಪಡೆಯಬಹುದೇ ಹೊರತು ಸಮಜಾಯಿಷಿಯನ್ನಲ್ಲ ಎಂದು ವಿವರಿಸಿದಾಗ, "ಯಾಕೆ" ಎಂಬ ಸಿಟ್ಟನ್ನು ದಾಖಲೆಯ ಹೆಸರುಗಳಾಗಿ ಬದಲಿಸಲು ಅವರು ಬಹಳ ಹೊತ್ತು ಜಗಳವಾಡಿದರು. ಬೆಂಕಿಯ ನಂತರದ ಆರೋಗ್ಯ ತಪಾಸಣೆಯ ವರದಿ, ಗಾಳಿಯನ್ನು ಅಳೆದ ಅಂಕಿಗಳು, ಗುಡ್ಡಕ್ಕೆ ಬರುವ ಲಾರಿಗಳ ನೋಂದಣಿ ಪುಸ್ತಕದ ಪ್ರತಿ: ಕೊನೆಗೆ ಉಳಿದ ಪ್ರಶ್ನೆಗಳಿವು. ಮರಾಠಿಯಲ್ಲಿ ಬರೆದದ್ದು ಜಾಲ್ನಾ ಕಡೆಯ ಹುಡುಗಿ. ಅರ್ಜಿದಾರರಾಗಿ ಹೆಸರು ಕೊಟ್ಟದ್ದು ಕಲಬುರಗಿ ಹುಡುಗಿಯ ತಾಯಿ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ತಂದದ್ದು ಜರಿ ಕೆಲಸಗಾರರ ಮಗ.

ಅರ್ಜಿಯನ್ನು ಬೇರೆ ವಿಭಾಗಕ್ಕೆ ವರ್ಗಾಯಿಸಲಾಗಿದೆ ಎಂಬ ಪತ್ರ ಬಂತು, ಅಲ್ಲಿಂದ ಉತ್ತರ ಬರಲಿಲ್ಲ. ಮೂವತ್ತು ದಿನಗಳ ಗಡುವು ಮುಗಿದಾಗ ಮೇಲ್ಮನವಿಯ ಕರಡು ಬರೆಯಲು ನನ್ನನ್ನು ಕರೆಯುವ ಮೊದಲೇ ಮಕ್ಕಳು ಕೂತಿದ್ದರು.