ಅಮ್ಮ ಮೊದಲ ನಿಮಿಷದಲ್ಲೇ ಹೇಳಿದ್ದಳು

ಅಮ್ಮನ ಫೋನ್ ಬಂದಾಗ ಸಂಜೆ ಆರೂಮುಕ್ಕಾಲು. ದನಿ ಕೇಳಿದ ಕೂಡಲೇ ಏನೋ ಆಗಿದೆ ಅಂತ ಗೊತ್ತಾಯಿತು.

"ಇಂಟರ್ನೆಟ್ ಬರ್ತಿಲ್ಲ ಪುಟ್ಟಾ. ಬೆಳಿಗ್ಗೆ ಆ ಜಾಹೀರಾತು ತಡೆಯೋ ಪ್ರೋಗ್ರಾಮ್ ತೆಗೆದುಹಾಕ್ದೆ. ಮಧ್ಯಾಹ್ನ ಮಲಗಿ ಎದ್ದು ನೋಡಿದ್ರೆ ಒಂದು ಪೇಜೂ ತೆರೀತಿಲ್ಲ. ರಾತ್ರಿ ಹತ್ತರೊಳಗೆ ನನ್ನ ಚಿತ್ರ ಕಳಿಸ್ಬೇಕು."

ಅಮ್ಮನಿಗೆ ಅರವತ್ಮೂರು ವರ್ಷ. ಗಿಡಗಳ ಚಿತ್ರ ಬರೆಯುವುದನ್ನು ಆನ್‌ಲೈನಿನಲ್ಲಿ ಕಲಿಯುತ್ತಿದ್ದಳು. ಎಂಟು ವಾರದ ಕೋರ್ಸು, ಅವತ್ತೇ ಕೊನೇ ದಿನ. ಎಲೆಯ ನರ, ಹೂವಿನ ಎಸಳು, ಬೀಜದ ಮೇಲಿನ ಗೀರು, ಎಲ್ಲವನ್ನೂ ಭೂತಗನ್ನಡಿ ಹಿಡಿದು ನೋಡಿ ಬರೆದಿದ್ದಳು. ಚಿತ್ರಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದಳು. ಕಳಿಸುವುದೊಂದೇ ಬಾಕಿ. ನಾನು ಇರುವುದು ಬೇರೆ ಊರಿನಲ್ಲಿ. ಹೋಗಿ ನೋಡುವ ಹಾಗಿರಲಿಲ್ಲ. ಇಲ್ಲಿಂದಲೇ ಅವಳ ಕಂಪ್ಯೂಟರ್ ನೋಡೋಣ ಎಂದರೆ ಅದಕ್ಕೂ ಇಂಟರ್ನೆಟ್ ಬೇಕಲ್ವಾ?

"ಗಾಬರಿ ಆಗ್ಬೇಡ, ಮೂರು ಗಂಟೆ ಇದೆ" ಅಂದೆ. "ಸ್ಕ್ರೀನ್ ಮೇಲೆ ಏನು ಬರ್ತಿದೆ?"

"ನೋ ಇಂಟರ್ನೆಟ್ ಅಂತ ಬರ್ತಿದೆ."

ಆ ಎರಡು ಪದ ಕೇಳಿ ನಾನು ಮುಂದಕ್ಕೆ ಹೋಗಿಬಿಟ್ಟೆ. ನನ್ನ ತಲೆಯಲ್ಲಿ ಕೇಳಬೇಕಾದ ಪ್ರಶ್ನೆಗಳ ಸಾಲು ಆಗಲೇ ತಯಾರಾಗಿತ್ತು. ಅವಳು ಮೊದಲ ಮಾತಿನಲ್ಲಿ ಏನು ಹೇಳಿದ್ದಳು ಎನ್ನುವುದು ಮರೆತೇಹೋಯಿತು.

ಮೊದಲು ಕೇಳಿದ್ದು ವೈ-ಫೈ ಬಗ್ಗೆ. ಗುರುತು ಇದೆ, ಗೀರುಗಳೂ ತುಂಬಿವೆ ಅಂದಳು. ಆ ಗೀರು ತುಂಬಿದ್ದರೆ ಕಂಪ್ಯೂಟರಿಗೂ ರೌಟರಿಗೂ ನಡುವೆ ಸಂಪರ್ಕ ಚೆನ್ನಾಗಿದೆ ಎಂದು ಅರ್ಥ, ಅಷ್ಟೇ. ರೌಟರಿನಿಂದ ಆಚೆ ಏನಾಗಿದೆ ಎಂದು ಅದು ಹೇಳುವುದಿಲ್ಲ. ಹಾಗಾಗಿ ಅವಳ ಫೋನಿನಲ್ಲಿ ಒಂದು ಪೇಜ್ ತೆರೆಯಲು ಹೇಳಿದೆ. ತೆರೆಯಿತು. ಖುಷಿಪಡುವ ಮೊದಲು ಫೋನಿನ ಮೊಬೈಲ್ ಡೇಟಾ ಆಫ್ ಮಾಡಿಸಿ ಇನ್ನೊಂದು ಸಲ ನೋಡಿಸಿದೆ. ಇದನ್ನು ತುಂಬಾ ಜನ ಮರೆಯುತ್ತಾರೆ. ವೈ-ಫೈ ಕೆಲಸ ಮಾಡದಿದ್ದಾಗ ಫೋನ್ ಸುಮ್ನೆ ಮೊಬೈಲ್ ಡೇಟಾಗೆ ಹೋಗಿ ಪೇಜ್ ತಂದುಕೊಡಬಹುದು. ನಾವು ಮನೆಯ ಇಂಟರ್ನೆಟ್ ಸರಿಯಿದೆ ಅಂದುಕೊಳ್ಳುತ್ತೇವೆ. ಡೇಟಾ ಆಫ್ ಮಾಡಿದರೂ ಅಮ್ಮನ ಫೋನಿನಲ್ಲಿ ಪೇಜ್ ಬಂತು. ಅಂದರೆ ರೌಟರ್, ಅದರಾಚೆಗಿನ ಲೈನ್ ಎರಡೂ ಸರಿ. ತೊಂದರೆ ಆ ಒಂದು ಕಂಪ್ಯೂಟರಿನದು.

ಇಷ್ಟು ಗೊತ್ತಾದ ಮೇಲೂ ರೌಟರ್ ಆಫ್ ಮಾಡಿ ಆನ್ ಮಾಡಿಸಿದೆ. ಯಾವ ಆಧಾರವೂ ಇಲ್ಲದೆ, ಬರೀ ಅಭ್ಯಾಸದಿಂದ. ಹತ್ತು ನಿಮಿಷ ಅದಕ್ಕೇ ಹೋಯಿತು. ದೀಪಗಳು ಒಂದೊಂದಾಗಿ ಹತ್ತಿಕೊಳ್ಳುವುದನ್ನು ಅಮ್ಮ ನನಗೆ ಹೇಳುತ್ತಾ ಕೂತಳು. ಏನೂ ಬದಲಾಗಲಿಲ್ಲ. ಅವಳ ದನಿ ಇನ್ನಷ್ಟು ಸಣ್ಣಗಾಯಿತು.

ಬೇರೆ ಬ್ರೌಸರ್ ತೆರೆಯಲು ಹೇಳಿದೆ. ಅವಳ ಕಂಪ್ಯೂಟರಿನಲ್ಲಿ ಕ್ರೋಮ್, ಎಡ್ಜ್ ಎರಡೂ ಇದ್ದವು. ಎರಡರಲ್ಲೂ ಅದೇ ಕಥೆ. ಒಂದು ಬ್ರೌಸರ್ ಮಾತ್ರ ಕೆಟ್ಟಿದ್ದರೆ ಅದಕ್ಕೆ ಸೇರಿಸಿದ ಎಕ್ಸ್‌ಟೆನ್ಷನ್ ಎಂಬ ಪುಟ್ಟ ಪ್ರೋಗ್ರಾಮ್ ಅಥವಾ ಉಳಿಸಿಟ್ಟ ಹಳೇ ಡೇಟಾ ಮೇಲೆ ಅನುಮಾನಪಡಬಹುದು. ಎರಡೂ ಒಟ್ಟಿಗೆ ನಿಂತರೆ ಕಾರಣ ಅವುಗಳ ಕೆಳಗೆ ಎಲ್ಲೋ ಇದೆ. ಆ ಹೊತ್ತಿಗೆ ಇನ್ನೂ ಒಂದು ವಿಷಯ ನನಗೆ ನೆನಪಾಗಬೇಕಿತ್ತು. ಈ ಎರಡು ಬ್ರೌಸರುಗಳೂ ಒಂದು ಸೆಟ್ಟಿಂಗನ್ನು ತಮ್ಮೊಳಗೆ ಇಟ್ಟುಕೊಳ್ಳುವುದಿಲ್ಲ, ವಿಂಡೋಸ್‌ನಿಂದಲೇ ತೆಗೆದುಕೊಳ್ಳುತ್ತವೆ. ನೆನಪಾಗಲಿಲ್ಲ.

"ಅಮ್ಮ, ಸ್ಟಾರ್ಟ್ ಒತ್ತಿ ಸಿ, ಎಮ್, ಡಿ ಅಂತ ಟೈಪ್ ಮಾಡಿ ಎಂಟರ್ ಒತ್ತು."

"ಕಪ್ಪು ಕಿಟಕಿ ಬಂತು. ಏನಾದ್ರೂ ಹಾಳಾಗುತ್ತೇನೋ?"

"ಇಲ್ಲ, ನಾವು ಬರೀ ಕೇಳ್ತೀವಿ. ಏನೂ ಬದಲಾಯಿಸಲ್ಲ."

ಕಂಪ್ಯೂಟರಿನ ನೆಟ್‌ವರ್ಕ್ ವಿವರ ತೋರಿಸುವ ಐಪಿಕಾನ್ಫಿಗ್ ಎಂಬ ಪದವನ್ನು ಒಂದೊಂದೇ ಅಕ್ಷರ ಹೇಳಿ ಟೈಪ್ ಮಾಡಿಸಿದೆ. ಉದ್ದಕ್ಕೂ ಸಾಲುಗಳು ಬಂದವು. ಅದರಲ್ಲಿ ಐಪಿವಿ4 ಎಂದಿರುವ ಸಾಲು ಹುಡುಕು ಅಂದೆ, ಕಂಪ್ಯೂಟರಿನ ವಿಳಾಸ ಇರುವುದು ಅಲ್ಲೇ. 192.168ರಿಂದ ಶುರುವಾಗುವ ಸಂಖ್ಯೆ ಓದಿದಳು. ಮನೆಯ ರೌಟರುಗಳು ತಮ್ಮ ಒಳಗಿನ ಕಂಪ್ಯೂಟರುಗಳಿಗೆ ಹಂಚುವ ವಿಳಾಸ ಸಾಮಾನ್ಯವಾಗಿ ಹೀಗೇ ಇರುತ್ತದೆ. 169.254 ಎಂದು ಬಂದಿದ್ದರೆ ರೌಟರ್ ವಿಳಾಸವನ್ನೇ ಕೊಟ್ಟಿಲ್ಲ, ಕಂಪ್ಯೂಟರ್ ಕಾದು ಕಾದು ತಾನೇ ಒಂದು ಇಟ್ಟುಕೊಂಡಿದೆ ಎಂದು ತಿಳಿಯಬೇಕಿತ್ತು.

ಮುಂದೆ ಪಿಂಗ್ ಎಂಬ ಪ್ರೋಗ್ರಾಮ್. ಸಮುದ್ರದ ನೀರಿನೊಳಗೆ ಸದ್ದು ಕಳಿಸಿ ಅದರ ಮಾರ್ದನಿ ಕೇಳುವ ಸೋನಾರ್ ಯಂತ್ರದ ಶಬ್ದದಿಂದ ಈ ಹೆಸರು ಬಂತು. ಮೈಕ್ ಮ್ಯೂಸ್ ಎಂಬುವವರು 1983ರ ಡಿಸೆಂಬರಿನಲ್ಲಿ ಇದನ್ನು ಬರೆದರು. ನೆಟ್‌ವರ್ಕಿನಲ್ಲಿ ಆಗ ತಲೆದೋರಿದ್ದ ತೊಂದರೆಯೊಂದನ್ನು ಹುಡುಕಲು ಅವರಿಗೆ ಅದು ಬೇಕಿತ್ತು. ಇಷ್ಟು ವರ್ಷವಾದರೂ ಅದೇ ಪುಟ್ಟ ಕೆಲಸ ಮಾಡುತ್ತಿದೆ. ಕೂಗು ಹಾಕುತ್ತದೆ, ಓ ಅನ್ನುತ್ತಾರಾ ನೋಡುತ್ತದೆ. ನನಗೆ ಈ ಪ್ರೋಗ್ರಾಮಿನ ಮೇಲೆ ತುಂಬಾ ಪ್ರೀತಿ.

ಎಂಟು, ಚುಕ್ಕಿ, ಎಂಟು, ಚುಕ್ಕಿ, ಎಂಟು, ಚುಕ್ಕಿ, ಎಂಟು. ಇದು ಗೂಗಲ್ 2009ರಲ್ಲಿ ಎಲ್ಲರಿಗೂ ತೆರೆದಿಟ್ಟ, ಹೆಸರಿಗೆ ಸಂಖ್ಯೆ ಹುಡುಕಿಕೊಡುವ ಡಿಎನ್‌ಎಸ್ ಸರ್ವರಿನ ವಿಳಾಸ. ಫೋನಿನಲ್ಲಿ ಹೇಳಿಕೊಡಲು ಇದಕ್ಕಿಂತ ಸುಲಭದ್ದು ಬೇಕೇ? ಅಮ್ಮ ಟೈಪ್ ಮಾಡಿದಳು. ನಾಲ್ಕು ಸಾಲು ಉತ್ತರ ಬಂತು.

"ಟೈಮ್ 24 ಎಮ್ಎಸ್ ಅಂತಿದೆ. ಅಂದ್ರೆ?"

"ನಮ್ಮ ಕೂಗು ಅಲ್ಲಿಗೆ ಹೋಗಿ ವಾಪಸ್ ಬರೋಕೆ ಒಂದು ಸೆಕೆಂಡಿನ ಸಾವಿರದಲ್ಲಿ 24 ಭಾಗ ಹಿಡೀತು."

"ಮತ್ತೆ ಇಂಟರ್ನೆಟ್ ಇದೆ ಅಂತಾಯ್ತಲ್ಲ!" ಅಂದಳು ಅಮ್ಮ. ಅವಳು ಹೇಳಿದ್ದು ಸರಿಯಾಗಿತ್ತು. ಪೇಜ್ ಮಾತ್ರ ನೋ ಇಂಟರ್ನೆಟ್ ಅನ್ನುತ್ತಲೇ ಇತ್ತು.

ಆಮೇಲೆ ಸಂಖ್ಯೆಯ ಬದಲು ಒಂದು ವೆಬ್‌ಸೈಟಿನ ಹೆಸರು ಕೊಟ್ಟು ಪಿಂಗ್ ಮಾಡಿಸಿದೆ. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಯಿಂದ. ಹೆಸರುಗಳು ಇರುವುದು ನಮಗಾಗಿ. ಹೆಸರು ಕೊಟ್ಟರೆ ಸಂಖ್ಯೆ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಅದು ಬರುವ ಮೊದಲು ನೆಟ್‌ವರ್ಕಿನ ಎಲ್ಲ ಹೆಸರುಗಳೂ ಒಂದೇ ಫೈಲಿನಲ್ಲಿದ್ದವು. ಪ್ರತಿಯೊಬ್ಬರೂ ಆ ಫೈಲನ್ನು ತಂದು ಇಟ್ಟುಕೊಳ್ಳಬೇಕಿತ್ತು. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಹೊಸ ದಾರಿ ತೋರಿಸಿದರು. ಈ ಹುಡುಕಾಟ ನಿಂತರೆ ಇಂಟರ್ನೆಟ್ ಇದ್ದೂ ಯಾವ ಪೇಜೂ ತೆರೆಯುವುದಿಲ್ಲ. ಅಮ್ಮನ ಮನೆಯಲ್ಲಿ ಆಗಿರುವುದು ಇದೇ ಇರಬೇಕು ಅಂತ ನನಗೆ ಹೆಚ್ಚುಕಡಿಮೆ ಖಾತ್ರಿಯಾಗಿತ್ತು.

ಹೆಸರಿಗೂ ಉತ್ತರ ಬಂತು. ನಾಲ್ಕಕ್ಕೆ ನಾಲ್ಕು.

ನನಗೆ ಮುಂದಿನ ಪ್ರಶ್ನೆ ಹೊಳೆಯಲಿಲ್ಲ. ದಾರಿ ಸರಿ ಇದೆ, ಹೆಸರು ಹುಡುಕುವುದೂ ಸರಿ ಇದೆ, ಆದರೂ ಬ್ರೌಸರ್ ಹೊರಗೆ ಹೋಗುತ್ತಿಲ್ಲ. ಕಂಪ್ಯೂಟರಿನಲ್ಲಿ ತಾರೀಕು, ಗಂಟೆ ಸರಿ ಇದೆಯಾ ಎಂದು ಕೇಳಿದೆ. ಗಡಿಯಾರ ತಪ್ಪಿದ್ದರೂ ಪೇಜುಗಳು ತೆರೆಯುವುದಿಲ್ಲ. ಸೈಟು ಅಸಲಿ ಎಂದು ಬ್ರೌಸರಿಗೆ ತೋರಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಹಳೇ ಕಂಪ್ಯೂಟರುಗಳಲ್ಲಿ ಒಳಗಿನ ಗುಂಡು ಬ್ಯಾಟರಿ ಸತ್ತು ತಾರೀಕು ವರ್ಷಗಟ್ಟಲೆ ಹಿಂದೆ ಹೋದರೆ, ಬ್ರೌಸರಿನ ಲೆಕ್ಕದಲ್ಲಿ ಆ ಸರ್ಟಿಫಿಕೇಟುಗಳು ಇನ್ನೂ ಹುಟ್ಟೇ ಇರುವುದಿಲ್ಲ. ಅಮ್ಮನ ಕಂಪ್ಯೂಟರಿನಲ್ಲಿ ತಾರೀಕೂ ಸರಿ, ಗಂಟೆಯೂ ಸರಿ. ಏಳೂಮುಕ್ಕಾಲು ತೋರಿಸುತ್ತಿತ್ತು.

ಒಂದು ಗಂಟೆ ಕಳೆದಿತ್ತು. ಅಮ್ಮ ಹೇಳಿದಳು, "ಹೋಗ್ಲಿ ಬಿಡು ಪುಟ್ಟಾ. ಕೋರ್ಸಿನವರಿಗೆ ಹೇಳ್ತೀನಿ, ಆಗ್ಲಿಲ್ಲ ಅಂತ." ಆ ಮಾತು ನನ್ನನ್ನು ತುಂಬಾ ನೋಯಿಸಿತು. ಎಂಟು ವಾರ ಕಷ್ಟಪಟ್ಟವಳು ಹೋಗ್ಲಿ ಬಿಡು ಅನ್ನುವ ಹಾಗಾಯಿತಲ್ಲ.

"ಬೇಡ ಅಮ್ಮ. ಆ ಪೇಜಿನ ಫೋಟೋ ತೆಗೆದು ಕಳಿಸು. ಪೂರ್ತಿ ಪೇಜು, ಕೆಳಗಿನವರೆಗೂ ಬರ್ಲಿ."

ಫೋಟೋ ಬಂತು. ಸ್ವಲ್ಪ ಓರೆಯಾಗಿತ್ತು, ಪರದೆಯಲ್ಲಿ ಅವಳ ಕೈಯ ನೆರಳೂ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ ನೋ ಇಂಟರ್ನೆಟ್. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಪ್ರಾಕ್ಸಿ ಸರ್ವರಿನಲ್ಲಿ ಏನೋ ತೊಂದರೆ ಇದೆ ಅಥವಾ ಅದರ ವಿಳಾಸ ತಪ್ಪಿದೆ ಎಂಬ ಮಾತು. ಎಲ್ಲಕ್ಕಿಂತ ಕೆಳಗೆ ಮಾಸಿದ ಬಣ್ಣದಲ್ಲಿ, ಎರರ್ ಪ್ರಾಕ್ಸಿ ಕನೆಕ್ಷನ್ ಫೇಲ್ಡ್.

ಕಾರಣ ಅಲ್ಲೇ ಬರೆದಿತ್ತು! ಮೊದಲಿನಿಂದಲೂ ಬರೆದಿತ್ತು. ದಪ್ಪ ಅಕ್ಷರದ ಎರಡು ಪದ ಕೇಳಿದ ನಾನು ಉಳಿದದ್ದನ್ನೂ ಓದು ಅಂತ ಅವಳಿಗೆ ಹೇಳಿರಲೇ ಇಲ್ಲ. ಬ್ರೌಸರ್ ಮಾಡಿದವರ ಮೇಲೂ ನನಗೆ ಬೇಸರವಿದೆ. ಇಂಟರ್ನೆಟ್ ಇದ್ದಾಗಲೂ ಇಲ್ಲ ಎಂದು ದಪ್ಪಗೆ ಬರೆದು, ನಿಜವಾದ ಕಾರಣವನ್ನು ಸಣ್ಣ ಅಕ್ಷರದಲ್ಲಿ ಮೂಲೆಗೆ ಹಾಕುವುದು ಸರಿಯಲ್ಲ. ಅಮ್ಮನಂಥವರು ನಂಬುವುದು ದಪ್ಪ ಅಕ್ಷರವನ್ನೇ.

"ಅಮ್ಮ, ಬೆಳಿಗ್ಗೆ ಏನೋ ಪ್ರೋಗ್ರಾಮ್ ತೆಗೆದೆ ಅಂದ್ಯಲ್ಲ?"

"ಹೂಂ, ಜಾಹೀರಾತು ತಡೆಯೋದು. ಕಂಪ್ಯೂಟರ್ ನಿಧಾನ ಆಗಿತ್ತು, ಅದಕ್ಕೇ ತೆಗೆದೆ. ನಿಂಗೆ ಆಗ್ಲೇ ಹೇಳಿದ್ನಲ್ಲ."

ಹೇಳಿದ್ದಳು. ಮೊದಲ ನಿಮಿಷದಲ್ಲೇ.

ಪ್ರಾಕ್ಸಿ ಎಂದರೆ ನಮ್ಮ ಪರವಾಗಿ ಹೋಗಿಬರುವವನು. ಬ್ರೌಸರ್ ತನಗೆ ಬೇಕಾದ್ದನ್ನು ಅವನ ಕೈಗೆ ಕೊಡುತ್ತದೆ. ಅವನು ಹೊರಗೆ ಹೋಗಿ ಪೇಜ್ ತರುತ್ತಾನೆ. ಜಾಹೀರಾತು ತಡೆಯುವ ಕೆಲವು ಪ್ರೋಗ್ರಾಮುಗಳು ಕಂಪ್ಯೂಟರಿನ ಒಳಗೇ ಹೀಗೆ ಒಬ್ಬನಾಗಿ ಕೂರುತ್ತವೆ. ಬಂದ ಪೇಜಿನಲ್ಲಿ ಜಾಹೀರಾತು ಸೋಸಿ ಉಳಿದದ್ದನ್ನು ಬ್ರೌಸರಿಗೆ ಕೊಡುತ್ತವೆ. ಅದಕ್ಕಾಗಿ ವಿಂಡೋಸ್‌ನಲ್ಲಿ ಎಲ್ಲವನ್ನೂ ಇವನ ಕೈಗೇ ಕೊಡಿ ಎಂದು ಬರೆದಿಡುತ್ತವೆ. ಅಮ್ಮ ಪ್ರೋಗ್ರಾಮನ್ನು ತೆಗೆದಾಗ ಅದು ಹೋಯಿತು, ಬರೆದಿಟ್ಟ ಮಾತು ಮಾತ್ರ ಹಾಗೇ ಉಳಿಯಿತು. ಪಿಂಗ್ ಈ ಪ್ರಾಕ್ಸಿಯ ಗೊಡವೆಗೇ ಹೋಗುವುದಿಲ್ಲ, ನೇರವಾಗಿ ಹೊರಗೆ ಹೋಗುತ್ತದೆ. ಅದಕ್ಕೇ ಅದು ನಾಲ್ಕಕ್ಕೆ ನಾಲ್ಕು ಉತ್ತರ ತಂದದ್ದು.

ಅವಳದು ವಿಂಡೋಸ್ 10. ಸೆಟ್ಟಿಂಗ್ಸ್, ಅದರಲ್ಲಿ ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಎಡಗಡೆ ಸಾಲಿನ ಕೆಳಗೆ ಪ್ರಾಕ್ಸಿ. ಯೂಸ್ ಎ ಪ್ರಾಕ್ಸಿ ಸರ್ವರ್ ಎಂಬುದು ಆನ್ ಆಗಿತ್ತು.

"ವಿಳಾಸದ ಜಾಗದಲ್ಲಿ ಏನಿದೆ ಓದು."

"127.0.0.1."

127ರಿಂದ ಶುರುವಾಗುವ ವಿಳಾಸವೆಂದರೆ ಆ ಕಂಪ್ಯೂಟರೇ. ಬ್ರೌಸರ್ ಇಡೀ ಮಧ್ಯಾಹ್ನ ತನ್ನ ಮನೆಯ ಬಾಗಿಲನ್ನೇ ತಟ್ಟುತ್ತಿತ್ತು. ಒಳಗೆ ಯಾರೂ ಇರಲಿಲ್ಲ.

"ಅದನ್ನ ಆಫ್ ಮಾಡು ಅಮ್ಮ."

ಕ್ಲಿಕ್ ಸದ್ದು ಫೋನಿನಲ್ಲೂ ಕೇಳಿಸಿತು. ಬ್ರೌಸರ್ ಮುಚ್ಚಿ ತೆರೆದಳು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

"ಬಂತು! ಪುಟ್ಟಾ, ಬಂತು!"

ಎಂಟು ಗಂಟೆ ಐದು ನಿಮಿಷ. ಅವಳು ಚಿತ್ರಗಳನ್ನು ಒಂದೊಂದಾಗಿ ಕಳಿಸುವ ತನಕ ಫೋನ್ ಇಡಲಿಲ್ಲ. ಪ್ರತಿ ಸಲವೂ ಯಾವ ಗಿಡ, ಯಾವ ಎಲೆ ಬರೆಯಲು ಎಷ್ಟು ದಿನ ಹಿಡಿಯಿತು ಅಂತ ಹೇಳುತ್ತಿದ್ದಳು. ಆ ಅರ್ಧ ಗಂಟೆ ನಾನು ಏನನ್ನೂ ಕೇಳಲಿಲ್ಲ, ಬರೀ ಕೇಳಿಸಿಕೊಂಡೆ.

ಹಾಗಂತ ಎಲ್ಲ ಪ್ರಾಕ್ಸಿಯನ್ನೂ ಆಫ್ ಮಾಡಬಾರದು. ಆಫೀಸು, ಕಾಲೇಜುಗಳ ಕಂಪ್ಯೂಟರಿನಲ್ಲಿ ಅದನ್ನು ಬೇಕೆಂದೇ ಇಟ್ಟಿರುತ್ತಾರೆ. ಅಲ್ಲಿ ಕೇಳದೆ ಮುಟ್ಟಿದರೆ ಇದ್ದ ಸಂಪರ್ಕವೂ ಹೋಗಬಹುದು. ಇನ್ನು, ಮನೆಯ ಕಂಪ್ಯೂಟರಿನಲ್ಲಿ ಆಫ್ ಮಾಡಿದ್ದು ತಾನಾಗಿಯೇ ಮತ್ತೆ ಮತ್ತೆ ಆನ್ ಆದರೆ ಯಾವುದೋ ಪ್ರೋಗ್ರಾಮ್ ಒಳಗೆ ಕೂತು ಅದನ್ನು ಬದಲಾಯಿಸುತ್ತಿದೆ ಎಂದು ಅರ್ಥ. ಅದು ಕೆಟ್ಟ ಪ್ರೋಗ್ರಾಮ್ ಇರಬಹುದು, ಆಗ ವೈರಸ್ ಸ್ಕ್ಯಾನ್ ಮಾಡಲೇಬೇಕು. ಮರುದಿನ, ಅದರ ಮರುದಿನ ಅಮ್ಮನಿಗೆ ಫೋನ್ ಮಾಡಿ ನೋಡಿಸಿದೆ. ಆಫ್ ಆಗಿದ್ದದ್ದು ಆಫ್ ಆಗಿಯೇ ಇತ್ತು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಮತ್ತೆ ಫೋನ್. ಈ ಸಲ ದನಿಯಲ್ಲಿ ಗಾಬರಿ ಇರಲಿಲ್ಲ.

"ಒಂದು ಪೇಜ್ ಬರ್ತಿಲ್ಲ. ಬೇರೆಯವೆಲ್ಲ ಬರ್ತಿವೆ. ಪೂರ್ತಿ ಓದ್ತೀನಿ ಕೇಳಿಸ್ಕೋ." ಮೇಲಿನಿಂದ ಕೆಳಗಿನವರೆಗೆ ಓದಿದಳು. ಸಣ್ಣ ಅಕ್ಷರದ ಸಾಲಿಗೆ ಬಂದಾಗ ಇನ್ನೂ ನಿಧಾನವಾದಳು. "ಡಿಎನ್‌ಎಸ್, ಕೆಳಗೆ ಒಂದು ಗೀಟು, ಪ್ರೋಬ್, ಗೀಟು, ಫಿನಿಶ್ಡ್, ಗೀಟು, ಎನ್, ಎಕ್ಸ್, ಡೊಮೈನ್."

ಆ ಹೆಸರಿನ ವಿಳಾಸವೇ ಇಲ್ಲ ಎಂದು ಅದರ ಅರ್ಥ. ನಾನು ಹೇಳಲು ಬಾಯಿ ತೆರೆದು, ತಡೆದೆ.

"ನಿಂಗೇನು ಅನ್ಸುತ್ತೆ ಅಮ್ಮ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೀಲಿಗಳ ಸದ್ದು.

"ಅಯ್ಯೋ, ಹೆಸರಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು ಪುಟ್ಟಾ. ಇಡ್ತೀನಿ, ಪೇಜ್ ಬಂತು."