ಹೊಸ್ತಿಲು ಕಟ್ಟಿದ ಚಳಿಗಾಲ: 1972ರ ಎಂಜಿಬಿ ದುರಸ್ತಿಯ ದಿನಚರಿ

ನವೆಂಬರ್, ಮೊದಲ ವಾರ

ಕಾರು ಬಂದು ಮೂರು ವಾರವಾಯಿತು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನಮ್ಮ ಬೀದಿಯ ಹಿಂದೆ ಒಂದು ಗ್ಯಾರೇಜನ್ನು ಬಾಡಿಗೆಗೆ ಹಿಡಿದಿದ್ದೇನೆ, ಅಲ್ಲಿ ನಿಂತಿದೆ. 1972ರ ಎಂಜಿಬಿ ರೋಡ್‌ಸ್ಟರ್, ಕ್ರೋಮ್ ಬಂಪರಿನದು, ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ. ಮಾರಿದ ಅಜ್ಜ ಹನ್ನೊಂದು ವರ್ಷದಿಂದ ಅದನ್ನು ಓಡಿಸಿಲ್ಲವೆಂದು ಮೊದಲೇ ಹೇಳಿದ್ದರು. ಬೀಗದ ಕೈ ಕೊಡುವಾಗ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿದರು. ನಾನು ಆ ಕಡೆ ನೋಡದೆ ಕಾಗದಪತ್ರ ಮಡಚುತ್ತ ನಿಂತೆ.

ಆಕ್ಸ್‌ಫರ್ಡಿಗೆ ಹತ್ತಿರದ ಆಬಿಂಗ್ಡನ್ ಕಾರ್ಖಾನೆಯಿಂದ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. ಹಾಗಾಗಿ ಇದು ಅಪರೂಪದ ಕಾರಲ್ಲ, ಬಿಡಿಭಾಗಗಳಿಗೆ ಬರವಿಲ್ಲ. ಆದರೆ ನಾನು ಇದನ್ನೇ ಹುಡುಕಿಕೊಂಡು ಹೋಗಿದ್ದಕ್ಕೆ ಕಾರಣ ಅದರ ಎಂಜಿನ್. ಶಿವಮೊಗ್ಗದಲ್ಲಿ ನನ್ನ ಸೋದರಮಾವ ನಲವತ್ತು ವರ್ಷ ಅಂಬಾಸಿಡರ್ ಬಿಚ್ಚಿ ಜೋಡಿಸಿದವರು. ಆ ಹಳೆಯ ಅಂಬಾಸಿಡರಿನ 1489 ಸಿಸಿ ಎಂಜಿನ್ ಮತ್ತು ಈ ಕಾರಿನ 1798 ಸಿಸಿ ಎಂಜಿನ್ ಒಂದೇ ತಾಯಿಯ ಮಕ್ಕಳು. ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸರಣಿಯವು. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ ಎರಡರಲ್ಲೂ 88.9 ಮಿ.ಮೀ.; ಸಿಲಿಂಡರಿನ ಅಗಲ ಮಾತ್ರ ಅದರಲ್ಲಿ 73 ಮಿ.ಮೀ., ಇದರಲ್ಲಿ 80ಕ್ಕೆ ತುಸು ಹೆಚ್ಚು. ಬಾನೆಟ್ ಎತ್ತಿ ವಿಡಿಯೊ ಕರೆಯಲ್ಲಿ ತೋರಿಸಿದಾಗ ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಕಾರ್ಬುರೇಟರ್ ಎರಡಿವೆ. ಉಳಿದಿದ್ದೆಲ್ಲ ನಮ್ಮದೇ ಅಲ್ಲವೇನೋ?" ಎಂದರು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಅವರು ಈಗಲೂ ಡೆಲ್ಕೋ ಎನ್ನುತ್ತಾರೆ. ನಾನೂ ಹಾಗೇ ಅನ್ನತೊಡಗಿದ್ದೇನೆ.

ನವೆಂಬರ್, ಕೊನೆಯ ವಾರ

ಇದು ಒಳ್ಳೆಯ ಸುದ್ದಿಯಲ್ಲ.

ಈ ಕಾರಿಗೆ ಬೇರೆ ಚಾಸಿ, ಅಂದರೆ ಭಾರ ಹೊರುವ ಅಡಿಚೌಕಟ್ಟು, ಇಲ್ಲ. ಇದಕ್ಕಿಂತ ಹಿಂದಿನ ಎಂಜಿಎಗೆ ಪ್ರತ್ಯೇಕ ಚಾಸಿ ಇತ್ತು. ಎಂಜಿಬಿಯಲ್ಲಿ ತಗಡಿನ ಮೈಕಟ್ಟೇ ಇಡೀ ಭಾರ ಹೊರುತ್ತದೆ. ರೋಡ್‌ಸ್ಟರಿಗೆ ಗಟ್ಟಿ ಚಾವಣಿಯೂ ಇಲ್ಲದ ಕಾರಣ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಡುವ ಹೊಣೆಯ ದೊಡ್ಡ ಪಾಲು ಎರಡು ಬದಿಯ ಸಿಲ್‌ಗಳದು. ಸಿಲ್ ಎಂದರೆ ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ತಗಡಿನ ಪೆಟ್ಟಿಗೆ, ಕಾರಿನ ಹೊಸ್ತಿಲು. ಅದರಲ್ಲಿ ಒಂದೇ ತಗಡಿಲ್ಲ. ಹೊರಗಿನದೊಂದು, ಒಳಗಿನದೊಂದು, ನಡುವೆ ಗೋಡೆಯಂತೆ ನಿಲ್ಲುವುದೊಂದು, ಅಡಿಯಲ್ಲಿ ಇವನ್ನೆಲ್ಲ ಕೂಡಿಸುವ ಪಟ್ಟಿ ಇನ್ನೊಂದು.

ಫ್ರಿಜ್ಜಿನ ಮೇಲಿದ್ದ ಅಯಸ್ಕಾಂತವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಎಡಬದಿಯ ಸಿಲ್ಲಿನ ಮೇಲೆ ಎಳೆದುಕೊಂಡು ಹೋದೆ. ಎರಡು ಗೇಣು ಅಂಟಿತು. ಆಮೇಲೆ ಹಿಡಿತ ಬಿಟ್ಟು ಜಾರಿತು. ಇನ್ನೂ ಮುಂದೆ ಒಯ್ದೆ, ಮತ್ತೆ ಜಾರಿತು. ಕೆಂಪು ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು, ಅದರ ಕೆಳಗೆ ಕಬ್ಬಿಣವೇ ಇರಲಿಲ್ಲ. ಮುಂದಿನ ಮಡ್‌ಗಾರ್ಡಿನ ತುದಿ ಸಿಲ್ಲಿಗೆ ಸೇರುವಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಜೋಡಣೆಯ ಗೆರೆ ಕಾಣಬೇಕಿತ್ತು. ಕೊಳ್ಳುವ ದಿನ ಅದು ಕಾಣಲಿಲ್ಲ; ಎಷ್ಟು ನುಣುಪಾಗಿದೆ ಎಂದು ಮೆಚ್ಚಿಕೊಂಡು ಬಂದಿದ್ದೆ.

ಉಳಿ ಇಟ್ಟು ಮೆಲ್ಲಗೆ ತಟ್ಟಿದೆ. ಅಂಗೈ ಅಗಲದ ಪುಟ್ಟಿಯ ಹಲ್ಲೆ ಎದ್ದು ಬಂತು, ದೋಸೆ ಕಾವಲಿಯಿಂದ ಎದ್ದಂತೆ. ಹಿಂಬದಿಯಲ್ಲಿ ನಾರಿನ ಬಟ್ಟೆಯ ಅಚ್ಚು. ಅದರ ಒಳಗೆ ತಂತಿಯ ಬಲೆ, ಬಲೆಯ ಹಿಂದೆ ಉಬ್ಬಿಸಿ ತುಂಬಿದ ಹಳದಿ ಫೋಮ್. ಆ ಫೋಮ್ ಸ್ಪಂಜಿನಂತೆ ನೀರು ಹಿಡಿದುಕೊಂಡಿತ್ತು. ಬೆರಳಿನಿಂದ ಒತ್ತಿದರೆ ಕಂದು ನೀರು ಇಳಿಯಿತು. ಒಳಗಿನ ತಗಡು ಹಪ್ಪಳದಂತೆ ಪುಡಿಯಾಗಿ ನೆಲದ ಮೇಲೆ ಬಿತ್ತು.

ಹಿಂದೊಮ್ಮೆ ಯಾವುದೋ ಕಾರ್ಯಾಗಾರದಲ್ಲಿ ಹಣ ತೆಗೆದುಕೊಂಡು ಮಾಡಿದ ಕೆಲಸವಿದು. ಅಜ್ಜನ ಬಳಿ ರಸೀದಿ ಇದೆ, 'ಎರಡೂ ಸಿಲ್ ಬದಲಾಯಿಸಲಾಗಿದೆ' ಎಂದು ಬರೆದಿದೆ. ಅವರು ನಂಬಿ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವರ್ಷಗಟ್ಟಲೆ ಓಡಾಡಿದ್ದಾರೆ. ಅದನ್ನು ನೆನೆದಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಡಿಸೆಂಬರ್

ದಾರಿ ಎರಡಿದ್ದವು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಕಾರ್ಖಾನೆಯ ಮೂಲ ಅಚ್ಚುಗಳನ್ನೇ ಬಳಸಿ 1988ರಿಂದ ಎಂಜಿಬಿಗೆ ಹೊಚ್ಚಹೊಸ ಮೈಕಟ್ಟು ಒತ್ತಿ ಮಾರುತ್ತಿದೆ. ಅದನ್ನು ತಂದು ಹಳೆಯ ಎಂಜಿನ್, ಚಕ್ರ, ಸೀಟುಗಳನ್ನು ಅದಕ್ಕೆ ವರ್ಗಾಯಿಸಬಹುದು. ಕೆಲಸ ಬೇಗ ಮುಗಿಯುತ್ತದೆ, ಫಲವೂ ಚೆನ್ನಾಗಿರುತ್ತದೆ. ಆದರೆ ನನ್ನ ಕಾರಿನ ನೆಲದ ತಗಡು, ಬಾಗಿಲು, ಡಿಕ್ಕಿ, ಹಿಂದಿನ ಭಾಗ ಎಲ್ಲವೂ ಗಟ್ಟಿಯಾಗಿವೆ. ಕೆಟ್ಟಿರುವುದು ಹೊಸ್ತಿಲು ಮಾತ್ರ. ಅಷ್ಟಕ್ಕೆ ಮನೆ ಕೆಡವಲು ಮನಸ್ಸು ಬರಲಿಲ್ಲ. ಸಿಲ್‌ಗಳನ್ನೇ ನಾಲ್ಕೂ ಪದರ ಸಮೇತ ಬದಲಾಯಿಸುವುದೆಂದು ತೀರ್ಮಾನಿಸಿದೆ.

ಮಾವನಿಗೆ ಹೇಳಿದೆ. ಅವರು ಎಂಜಿನ್ ಕೆಲಸದವರು, ತಗಡಿನ ಕೆಲಸ ಅವರದಲ್ಲ. ಮರುದಿನ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋಗಿ ಟಿಂಕರಿಂಗ್ ಮಾಡುವ ತಮ್ಮ ಗೆಳೆಯರ ಪಕ್ಕದಲ್ಲಿ ಕೂತು ಕರೆ ಮಾಡಿದರು. ಆ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: "ಕತ್ತರಿಸುವ ಮೊದಲು ಬಾಗಿಲಿನ ಕಂಡಿಗೆ ಅಡ್ಡಪಟ್ಟಿ ಕೊಟ್ಟಿರೇನಪ್ಪಾ?"

ಕೊಟ್ಟಿದ್ದೆ. ಚೌಕ ಕೊಳವೆ ತಂದು ಬಾಗಿಲಿನ ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ಬೋಲ್ಟಿನಿಂದ ಬಿಗಿದಿದ್ದೆ. ಇದನ್ನು ಮಾಡದೆ ಸಿಲ್ ಕತ್ತರಿಸಿದರೆ ಕಾರು ನಡುವಿನಲ್ಲಿ ಬಾಗುತ್ತದೆ. ಆಮೇಲೆ ಹೊಸ ತಗಡು ಹಾಕಿದರೂ ಬಾಗಿದ್ದು ಬಾಗಿದಂತೆಯೇ ಉಳಿಯುತ್ತದೆ, ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರುವುದಿಲ್ಲ.

ಮುಂದಿನ ಮಡ್‌ಗಾರ್ಡ್ ಬೋಲ್ಟಿನದು, ಬಿಚ್ಚಿದರೆ ಬರುತ್ತದೆ. ಬರಲು ಎರಡು ಶನಿವಾರ ಬೇಕಾಯಿತು. ಮೊದಲ ದಿನ 13 ಮಿ.ಮೀ. ಸ್ಪ್ಯಾನರ್ ಹಾಕಿ ಒಂದು ಬೋಲ್ಟಿನ ತಲೆ ಸವೆಸಿಬಿಟ್ಟೆ. ಈ ಕಾರಿನಲ್ಲಿ ಎಲ್ಲವೂ ಇಂಚಿನ ಲೆಕ್ಕ. ಅರ್ಧ ಇಂಚು ಎಂದರೆ 12.7 ಮಿ.ಮೀ.; ಆ 0.3 ಸಾಕು, ಸ್ಪ್ಯಾನರ್ ಜಾರಲು. ಮಾವನ ಕಾಲದ ಇಂಚಿನ ಸ್ಪ್ಯಾನರುಗಳ ಕಟ್ಟು ಊರಿನ ಮನೆಯ ಅಟ್ಟದಲ್ಲಿದೆ, ಸದ್ಯ ಇಲ್ಲಿ ಹೊಸದೊಂದು ಕಟ್ಟು ಕೊಂಡೆ.

ಹಿಂದಿನ ಮಡ್‌ಗಾರ್ಡ್ ಮಾತ್ರ ಬೆಸುಗೆಯದು. ಸಿಲ್ಲಿನ ಬಾಲ ಅದರ ಹಿಂದೆ ಅಡಗಿದೆ. ಅಲ್ಲಿಗೆ ತಲುಪಬೇಕೆಂದರೆ ಮಡ್‌ಗಾರ್ಡಿನ ಕೆಳಗಿನ ಭಾಗವನ್ನು ಕತ್ತರಿಸಿ ತೆಗೆಯಲೇಬೇಕು. ಹಿಂದಿನವರು ಕೈಬಿಟ್ಟದ್ದು ಈ ಹಂತವನ್ನು. ಕಣ್ಣಿಗೆ ಕಾಣುವಷ್ಟಕ್ಕೆ ತಗಡಿನ ಮುಚ್ಚಳ ಹೊದಿಸಿ ಪುಟ್ಟಿ ಮೆತ್ತಿದ್ದರು.

ಜನವರಿ, ಫೆಬ್ರವರಿ

ಎರಡು ತಿಂಗಳು ಎಡಬದಿಗೇ ಹೋಯಿತು. ನಾನು ಬೆಸುಗೆ ಕಲಿತದ್ದು ಸಂಜೆಯ ತರಗತಿಯಲ್ಲಿ, ಅದೂ ಎರಡು ವರ್ಷದ ಹಿಂದೆ. ಹಾಗಾಗಿ ಕಾರನ್ನು ಮುಟ್ಟುವ ಮೊದಲು ಒಂದು ವಾರ ಬರೀ ಹರಕು ತಗಡಿನ ಮೇಲೆ ಅಭ್ಯಾಸ ಮಾಡಿದೆ. 1.2 ಮಿ.ಮೀ. ತಗಡು, 0.6 ಮಿ.ಮೀ. ತಂತಿ, ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಿಶ್ರಣದ ಗ್ಯಾಸ್. ಕರೆಂಟ್ ಹೆಚ್ಚಾದರೆ ತೂತು ಬೀಳುತ್ತದೆ, ಕಡಿಮೆಯಾದರೆ ಬೆಸುಗೆ ಮೇಲೆ ಗುಳ್ಳೆಯಂತೆ ಕೂರುತ್ತದೆ, ಕೆಳಗಿನ ತಗಡಿಗೆ ಇಳಿಯುವುದೇ ಇಲ್ಲ. ಪ್ರತಿ ತುಂಡನ್ನೂ ವೈಸಿಗೆ ಕಚ್ಚಿಸಿ ಉಳಿಯಿಂದ ಸೀಳಿ ನೋಡಿದೆ. ಬೆಸುಗೆ ಬಿಡದೆ ಅದರ ಸುತ್ತಲ ತಗಡು ಹರಿದರೆ ಆ ಬೆಸುಗೆ ಸರಿ. ಹತ್ತಕ್ಕೆ ಹತ್ತೂ ಹಾಗೆ ಹರಿದ ದಿನ ಕಾರಿನ ಕೆಲಸ ಶುರು ಮಾಡಿದೆ.

ಕಾರ್ಖಾನೆಯಲ್ಲಿ ಚುಕ್ಕಿ ಬೆಸುಗೆ ಹಾಕಿದ್ದರು. ನನ್ನಲ್ಲಿ ಆ ಯಂತ್ರವಿಲ್ಲ. ಮೇಲಿನ ತಗಡಿನ ಅಂಚಿನಲ್ಲಿ ಸಾಲಾಗಿ ತೂತು ಕೊರೆದು, ಕೆಳಗಿನ ತಗಡಿಗೆ ಒತ್ತಿ ಹಿಡಿದು, ಒಂದೊಂದೇ ತೂತನ್ನು ಬೆಸುಗೆಯಿಂದ ತುಂಬಿದೆ. ಒಂದನ್ನು ಮುಂದಿನ ತುದಿಯಲ್ಲಿ ತುಂಬಿದರೆ ಮುಂದಿನದನ್ನು ಹಿಂದಿನ ತುದಿಯಲ್ಲಿ, ಆಮೇಲೆ ನಡುವಿನಲ್ಲಿ. ಒಂದೇ ಕಡೆ ಬಿಸಿ ಸೇರಿದರೆ ತಗಡು ಸೊಟ್ಟಗಾಗುತ್ತದೆ. ನಡುವೆ ಬೆರಳು ಇಟ್ಟುಕೊಳ್ಳುವಷ್ಟು ತಣ್ಣಗಾಗುವವರೆಗೆ ಕಾಯುತ್ತಿದ್ದೆ. ಗ್ಯಾರೇಜಿನಲ್ಲಿ ಎರಡು ಡಿಗ್ರಿ ಚಳಿ, ಕಾಯುವುದು ಬಹಳ ಹೊತ್ತೇನೂ ಆಗಲಿಲ್ಲ.

ಬೆಸುಗೆಗೆ ಮೊದಲು ಎಲ್ಲ ತುಂಡುಗಳನ್ನೂ ಸ್ಕ್ರೂನಿಂದ ಹಿಡಿಸಿ ಬಾಗಿಲು ತೂಗುಹಾಕಿದೆ. ಬಾಗಿಲಿನ ಸುತ್ತಲ ಸಂದಿನಲ್ಲಿ 4 ಮಿ.ಮೀ. ಡ್ರಿಲ್ ಬಿಟ್ಟಿನ ಹಿಡಿಯನ್ನು ಓಡಿಸಿದೆ. ಕೆಳಗಡೆ ಸರಾಗ, ಹಿಂದಿನ ಅಂಚಿನ ಮೇಲ್ತುದಿಯಲ್ಲಿ ಮಾತ್ರ ತಡೆಯಿತು. ಜಾಕನ್ನು ಕಾಲು ಸುತ್ತು ಏರಿಸಿದೆ, ಸಂದು ತೆರೆದುಕೊಂಡಿತು. ಇಡೀ ಕಾರಿನ ಆಕಾರ ಆ ಕಾಲು ಸುತ್ತಿನಲ್ಲಿತ್ತು. ಸ್ಕ್ರೂ ಬಿಗಿದೆ, ಬಾಗಿಲು ತೆಗೆದೆ, ಬೆಸುಗೆ ಹಾಕಿದೆ, ಮತ್ತೆ ಬಾಗಿಲು ತೂಗುಹಾಕಿದೆ. ಎಡಬದಿಯೊಂದಕ್ಕೇ ಆ ಬಾಗಿಲನ್ನು ಹದಿನೇಳು ಸಲ ಎತ್ತಿ ಇಳಿಸಿದೆ. ಕೊನೆಕೊನೆಗೆ ನನ್ನ ಹೆಂಡತಿ ಕೆಳಗಿನ ಅಂಚನ್ನು ಮೊಣಕಾಲಿನ ಮೇಲೆ ಹೊತ್ತುಕೊಳ್ಳುತ್ತಿದ್ದಳು, ನಾನು ಕೀಲಿನ ಸ್ಕ್ರೂ ಹಾಕುತ್ತಿದ್ದೆ. ಇಬ್ಬರಿಗೂ ಮಾತೇ ಬೇಕಾಗುತ್ತಿರಲಿಲ್ಲ.

ಹಳೆಯ ಬಣ್ಣ ಕೆರೆಯುವಾಗ ಕೀಲಿನ ಹಿಂದೆ ಕೆಂಪಿನ ಕೆಳಗೆ ಬೇರೊಂದು ಬಣ್ಣ ಸಿಕ್ಕಿತು. ಹಸಿರಿಗೆ ವಾಲಿದ ನೀಲಿ. ಆ ವರ್ಷಗಳಲ್ಲಿ ಕಾರ್ಖಾನೆ ಇದನ್ನು ಟೀಲ್ ಬ್ಲೂ ಎಂದು ಕರೆಯುತ್ತಿತ್ತು. ಬೆರಳಗಲದಷ್ಟು ಜಾಗವನ್ನು ಹಾಗೆಯೇ ಉಳಿಸಿ ಮೇಲೆ ಟೇಪು ಹಚ್ಚಿದ್ದೇನೆ.

ಬಲಬದಿಗೆ ಎಡದ ಅರ್ಧದಷ್ಟೂ ಸಮಯ ಹಿಡಿಯಲಿಲ್ಲ.

ಮಾರ್ಚ್

ನಡುನಡುವೆ ಎಂಜಿನ್ ಕೆಲಸವೂ ಸಾಗಿತ್ತು. ಹೆಡ್ ಬಿಚ್ಚಿ ಯಂತ್ರಗಾರಕ್ಕೆ ಕಳಿಸಿ ಎಕ್ಸಾಸ್ಟ್ ವಾಲ್ವುಗಳಿಗೆ ಗಡಸು ಸೀಟು ಕೂರಿಸಿದೆ. ಸೀಸ ಬೆರೆಸಿದ ಪೆಟ್ರೋಲ್ ಇದ್ದ ಕಾಲದ ಹೆಡ್ ಇದು. ಆ ಸೀಸವೇ ವಾಲ್ವಿನ ಸೀಟನ್ನು ಕಾಯುತ್ತಿತ್ತು, ಈಗ ಅದಿಲ್ಲ. 2021ರಿಂದ ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥನಾಲ್ ಇರುತ್ತದೆ, ಹಳೆಯ ರಬ್ಬರನ್ನು ಅದು ತಿನ್ನುತ್ತದೆ. ಹಾಗಾಗಿ ಪೆಟ್ರೋಲ್ ಪೈಪುಗಳೆಲ್ಲ ಹೊಸವು. ಬ್ರೇಕು ಪೂರ್ತಿ ಹೊಸದು. ವೈರಿಂಗ್ ಚೆನ್ನಾಗಿತ್ತು, ಅರ್ಥಿಂಗ್ ಜಾಗಗಳನ್ನು ಉಜ್ಜಿ ಬಿಟ್ಟೆ. ಮುಂದಿನ ಚಕ್ರಗಳು ಹೊರಳುವ ಕೀಲುಗಳಾದ ಕಿಂಗ್‌ಪಿನ್ನುಗಳಿಗೆ ಬದಿಗೆ ಮೂರರಂತೆ ಗ್ರೀಸ್ ನಿಪ್ಪಲ್ ಇವೆ. ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿತ್ತು.

ಮಾರ್ಚ್ ಮೂರನೆಯ ಭಾನುವಾರ ಕಾರನ್ನು ಸ್ಟ್ಯಾಂಡಿನಿಂದ ಇಳಿಸಿ ಅದರ ಚಕ್ರಗಳ ಮೇಲೆ ನಿಲ್ಲಿಸಿದೆ. ಎಂಜಿನ್ ಆಗಲೇ ಒಳಗಿತ್ತು, ಅಂದರೆ ಪೂರ್ತಿ ಭಾರ ಹೊಸ ಸಿಲ್‌ಗಳ ಮೇಲೆ. ಅಡ್ಡಪಟ್ಟಿಯ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದೆ. ಮೈಕಟ್ಟು ಬಾಗುವುದಿದ್ದರೆ ಪಟ್ಟಿ ಬಿಗಿಯಾಗಿ ಕಚ್ಚಿಕೊಳ್ಳಬೇಕಿತ್ತು. ಅದು ತಾನೇ ಕೈಗೆ ಬಂತು. ಬಾಗಿಲು ತೂಗುಹಾಕಿ ಅದೇ 4 ಮಿ.ಮೀ. ಬಿಟ್ಟನ್ನು ಸುತ್ತ ಓಡಿಸಿದೆ. ಎಲ್ಲೂ ತಡೆಯಲಿಲ್ಲ. ಬಾಗಿಲನ್ನು ಎರಡೇ ಬೆರಳಿನಿಂದ ದೂಡಿದೆ, ಮುಚ್ಚಿಕೊಂಡಿತು. ಇನ್ನೊಮ್ಮೆ ತೆರೆದು ದೂಡಿದೆ. ಆ ಮಧ್ಯಾಹ್ನ ಎಷ್ಟು ಸಲ ಹಾಗೆ ಮಾಡಿದೆನೋ ಲೆಕ್ಕವಿಲ್ಲ.

ಸಿಲ್ಲಿನ ಒಳಕ್ಕೆ ಉದ್ದನೆಯ ನಳಿಕೆ ತೂರಿಸಿ ಮೇಣದ ದ್ರವ ಸಿಂಪಡಿಸಿದೆ. ಕೆಳಗಿನ ನೀರಿಳಿಯುವ ತೂತುಗಳಿಂದ ತೊಟ್ಟಿಕ್ಕುವವರೆಗೆ ಬಿಡಲಿಲ್ಲ.

ಏಪ್ರಿಲ್, ಎರಡನೆಯ ವಾರ

ಎಂಜಿನ್ ಓಡಿತು.

ಪ್ಲಗ್ ತೆಗೆದು ಆಯಿಲ್ ಪ್ರೆಶರ್ ಗೇಜಿನ ಮುಳ್ಳು ಏಳುವವರೆಗೆ ಸೆಲ್ಫ್ ತಿರುಗಿಸಿದೆ. ಪ್ಲಗ್ ಹಾಕಿ, ಚೋಕ್ ಎಳೆದು, ಕೀ ತಿರುಗಿಸಿದಾಗ ಮೂರನೆಯ ಪ್ರಯತ್ನಕ್ಕೆ ಹತ್ತಿಕೊಂಡಿತು. ಬಿಸಿಯಾದ ಮೇಲೆ ಎರಡೂ ಕಾರ್ಬುರೇಟರುಗಳನ್ನು ಸರಿದೂಗಿಸಿದೆ. ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಮುಂದಿನದು ಜೋರಾಗಿ ಬುಸುಗುಡುತ್ತಿತ್ತು, ಹಿಂದಿನದು ಮೆಲ್ಲಗೆ. ಸ್ಕ್ರೂ ತಿರುಗಿಸುತ್ತ ಹೋದಂತೆ ಎರಡರ ಉಸಿರೂ ಒಂದಾಯಿತು.

ಆಗ ಮಾವನಿಗೆ ಕರೆ ಮಾಡಿ ಮೊಬೈಲನ್ನು ಬಾನೆಟ್ಟಿನ ಕೆಳಗೆ ಹಿಡಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಹಿಂದೆ ಅತ್ತೆ ಏನೋ ಅಂದರು, ಮಾವ ಕೈಯೆತ್ತಿ ತಡೆದರು.

"ಒಂದು ಟ್ಯಾಪೆಟ್ ಸಡಿಲ ಇದೆ," ಎಂದರು. "ಯಾವುದೆಂದು ಇಲ್ಲಿಂದ ಹೇಳಲಾರೆ. ತಣ್ಣಗಾಗಲಿ, ಒಂಬತ್ತರ ಲೆಕ್ಕದಲ್ಲಿ ನೋಡು."

ಒಂಬತ್ತರ ಲೆಕ್ಕವನ್ನು ಅವರು ನನಗೆ ಹೇಳಿಕೊಟ್ಟಾಗ ನಾನು ಹೈಸ್ಕೂಲಿನಲ್ಲಿದ್ದೆ. ಟ್ಯಾಪೆಟ್ ಸಡಿಲ ಎಂದರೆ ವಾಲ್ವನ್ನು ಒತ್ತಿ ತೆರೆಯುವಲ್ಲಿನ ಸಂದು ಹೆಚ್ಚಾಗಿದೆ ಎಂದರ್ಥ. ವಾಲ್ವುಗಳು ಎಂಟು. ಒಂದನೆಯದನ್ನು ನೋಡಬೇಕಾದರೆ ಎಂಟನೆಯದು ಪೂರ್ತಿ ತೆರೆದಿರಬೇಕು, ಎರಡನೆಯದಕ್ಕೆ ಏಳನೆಯದು. ಕೂಡಿದರೆ ಯಾವಾಗಲೂ ಒಂಬತ್ತು. ಅಂಬಾಸಿಡರಿಗೂ ಇದೇ, ಎಂಜಿಬಿಗೂ ಇದೇ. ಸಂಜೆ ರಾಕರಿನ ಮುಚ್ಚಳ ತೆಗೆದು ಸಂದು ಅಳೆಯುವ 15 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಫೀಲರ್ ಗೇಜ್ ಹಿಡಿದು ಒಂದೊಂದೇ ನೋಡುತ್ತ ಬಂದೆ. ಐದರವರೆಗೆ ಎಲ್ಲವೂ ಸರಿ. ಮೂರನೆಯದನ್ನು ಪೂರ್ತಿ ತೆರೆದು ಆರನೆಯದಕ್ಕೆ ಗೇಜ್ ತೂರಿಸಿದೆ, ಹಿಡಿತವೇ ಸಿಗಲಿಲ್ಲ. 19 ಥೌ ಎಲೆ ಹಾಕಿದಾಗ ಕಚ್ಚಿತು.

ಶಿವಮೊಗ್ಗದಲ್ಲಿ ಆಗ ಮಧ್ಯರಾತ್ರಿ ದಾಟಿತ್ತು. 'ಆರನೆಯದು, 19' ಎಂದಷ್ಟೇ ಬರೆದು ಕಳಿಸಿದೆ. ತಕ್ಷಣ ಉತ್ತರ ಬಂತು: 'ಸರಿಮಾಡಿ ಮತ್ತೆ ಕೇಳಿಸು.'